ಹೊಸ ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ ಅಳೆಯದೆ ಎಂಜಿನ್ನಿಗೆ ಹಾಕಬಹುದೇ?

ಬದಿಯಡ್ಕದ ತೋಟಗಾರ (ಪ್ರಶ್ನೆ)

ನಮ್ಮ ಅಡಿಕೆ ತೋಟದ ಕೆಲಸಕ್ಕೆ ಎರಡು ಪೆಟ್ರೋಲ್ ಯಂತ್ರಗಳಿವೆ. ಒಂದು ಹುಲ್ಲು ಕತ್ತರಿಸುವ ಟೂ ಸ್ಟ್ರೋಕ್ ಬ್ರಶ್ ಕಟರ್. ಇನ್ನೊಂದು, ಕೊಳೆರೋಗಕ್ಕೆ ಮದ್ದು ಬಿಡುವ ಪಂಪಿಗೆ ಜೋಡಿಸಿರುವ ಹೋಂಡಾ ಜಿಎಕ್ಸ್160 ಎಂಜಿನ್. ಇವುಗಳ ಜೊತೆಗೆ ಮನೆಯಲ್ಲಿ ಒಂದು ಮೋಟಾರ್ ಸೈಕಲ್ಲೂ ಇದೆ. ಮಳೆ ಹಿಡಿಯುವ ಮೊದಲೇ ಮೈಲುತುತ್ತು ಸುಣ್ಣದ ಮೊದಲ ಸುತ್ತನ್ನು ಮುಗಿಸಬೇಕಾದ್ದರಿಂದ ಮೂರಕ್ಕೂ ಹೊಸ ಪ್ಲಗ್ ತಂದಿಟ್ಟುಕೊಂಡಿದ್ದೇನೆ.

ಈಗ ಗೊಂದಲವಾಗಿರುವುದು ಗ್ಯಾಪಿನ ವಿಷಯದಲ್ಲಿ, ಅಂದರೆ ಪ್ಲಗ್ಗಿನ ತುದಿಯಲ್ಲಿ ನಡುವಿನ ಎಲೆಕ್ಟ್ರೋಡಿಗೂ ಅದರ ಮೇಲೆ ಬಾಗಿರುವ ಹೊರಗಿನ ಎಲೆಕ್ಟ್ರೋಡಿಗೂ ನಡುವೆ ಕಿಡಿ ಹಾರುವ ಅಂತರದ ವಿಷಯದಲ್ಲಿ. ಪ್ಲಗ್ ಕೊಟ್ಟ ಅಂಗಡಿಯವರು, ಅದು ಕಾರ್ಖಾನೆಯಿಂದಲೇ ಅಳತೆ ಹೊಂದಿಸಿಕೊಂಡು ಬರುತ್ತದೆ, ಪೊಟ್ಟಣದಿಂದ ತೆಗೆದು ನೇರವಾಗಿ ಹಾಕಿ ಎಂದರು. ನಮ್ಮಲ್ಲಿಗೆ ಹುಲ್ಲು ಕತ್ತರಿಸಲು ಬರುವವರು ಯಾವುದೇ ಪ್ಲಗ್ಗನ್ನಾದರೂ ಹ್ಯಾಕ್ಸಾ ಬ್ಲೇಡಿನಿಂದ ಅಳೆದು, ಕಲ್ಲಿನ ಮೇಲೆ ಒಂದೆರಡು ಸಲ ತಟ್ಟಿಯೇ ಹಾಕುತ್ತಾರೆ. ನೆರೆಯವರೊಬ್ಬರು ವಿಸಿಟಿಂಗ್ ಕಾರ್ಡಿನಷ್ಟು ಅಂತರವಿದ್ದರೆ ಸಾಕು ಎನ್ನುತ್ತಾರೆ. ಕೈಪಿಡಿಗಳನ್ನು ತೆಗೆದು ನೋಡಿದರೆ ಬ್ರಶ್ ಕಟರಿಗೆ 0.5 ಮಿಲಿಮೀಟರ್ ಎಂದೂ ಪಂಪಿನ ಎಂಜಿನ್ನಿಗೆ 0.70ರಿಂದ 0.80 ಮಿಲಿಮೀಟರ್ ಎಂದೂ ಬರೆದಿದೆ. ಇಷ್ಟು ಸಣ್ಣ ವ್ಯತ್ಯಾಸದಿಂದ ನಿಜವಾಗಿ ಏನಾದರೂ ಆಗುತ್ತದೆಯೇ? ಆಗುವುದಾದರೆ ಮನೆಯಲ್ಲೇ ಅಳೆಯುವ ಮತ್ತು ಹೊಂದಿಸುವ ಸರಿಯಾದ ಕ್ರಮ ಯಾವುದು? ಮೋಟಾರ್ ಸೈಕಲ್ಲಿಗೆ ಅಂಗಡಿಯವರು ಇರಿಡಿಯಂ ಪ್ಲಗ್ ಕೊಟ್ಟಿದ್ದಾರೆ. ಅದಕ್ಕೂ ಇದೇ ಕ್ರಮ ಅನ್ವಯಿಸುತ್ತದೆಯೇ ಎಂಬುದನ್ನೂ ತಿಳಿದವರು ದಯವಿಟ್ಟು ಹೇಳಬೇಕು.

ಕುಂಬಳೆಯ ನಿವೃತ್ತ ಬೋಧಕ

ಅಂಗಡಿಯವರು ಹೇಳಿದ್ದು ಅರ್ಧ ಸರಿ. ಪ್ಲಗ್ ಕಾರ್ಖಾನೆಯಿಂದ ಹೊರಡುವಾಗ ಒಂದು ಅಳತೆಗೆ ಹೊಂದಿಸಿಕೊಂಡೇ ಹೊರಡುತ್ತದೆ. ಆದರೆ ಆ ಅಳತೆ ನಿಮ್ಮ ಎಂಜಿನ್ನಿನದೇ ಆಗಿರಬೇಕೆಂಬ ನಿಯಮವಿಲ್ಲ. ಒಂದೇ ಸಂಖ್ಯೆಯ ಪ್ಲಗ್ಗನ್ನು ಹತ್ತಾರು ತಯಾರಕರು ತಮ್ಮ ತಮ್ಮ ಎಂಜಿನ್ನುಗಳಿಗೆ ಸೂಚಿಸಿರುತ್ತಾರೆ, ಮತ್ತು ಅವರವರ ಕೈಪಿಡಿಯಲ್ಲಿ ಗ್ಯಾಪ್ ಬೇರೆ ಬೇರೆಯಾಗಿರುತ್ತದೆ. ಎನ್‌ಜಿಕೆ ಪ್ಲಗ್ಗುಗಳಲ್ಲಿ ಸಂಕೇತದ ಕೊನೆಗೆ ಅಡ್ಡಗೆರೆ ಹಾಕಿ 9 ಎಂದಿದ್ದರೆ 0.9 ಮಿಲಿಮೀಟರ್, 11 ಎಂದಿದ್ದರೆ 1.1 ಮಿಲಿಮೀಟರ್ ಎಂದರ್ಥ. ಆ ಬಾಲವನ್ನು ಗಮನಿಸದೆ, ಮುಂದಿನ ಅಕ್ಷರಗಳು ಹೊಂದಿದವೆಂದು ಪ್ಲಗ್ ಕೊಡುವುದು ನಮ್ಮ ಕಡೆಯ ಅಂಗಡಿಗಳಲ್ಲಿ ಸಾಮಾನ್ಯ. ಜೊತೆಗೆ, ಸಾಗಾಟದಲ್ಲಿ ಪೊಟ್ಟಣ ತಲೆಕೆಳಗಾಗಿ ಬಿದ್ದಿದ್ದರೆ ಹೊರಗಿನ ಎಲೆಕ್ಟ್ರೋಡ್ ಬಗ್ಗಿ ಗ್ಯಾಪ್ ಮುಚ್ಚಿಕೊಂಡೇ ಇರಬಹುದು. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಪ್ರತಿಯೊಂದು ಪ್ಲಗ್ಗನ್ನೂ ಅಳೆಯಬೇಕು, ಬಗ್ಗಿಸುವುದು ಅಳತೆ ತಪ್ಪಿದೆ ಎಂದು ಖಚಿತವಾದಾಗ ಮಾತ್ರ.

ಇನ್ನು ಅಂತರ ಏಕೆ ಮುಖ್ಯ ಎಂಬ ಪ್ರಶ್ನೆ. ಕಿಡಿ ಹಾರುವುದಕ್ಕೆ ಬೇಕಾಗುವ ವೋಲ್ಟೇಜು ಅಂತರ ಮತ್ತು ಅಲ್ಲಿರುವ ಅನಿಲದ ಒತ್ತಡ ಇವೆರಡರ ಗುಣಲಬ್ಧವನ್ನು ಅವಲಂಬಿಸಿರುತ್ತದೆ ಎಂಬುದನ್ನು ಜರ್ಮನಿಯ ಫ್ರೀಡ್ರಿಕ್ ಪಾಶನ್ 1889ರಲ್ಲಿಯೇ ತೋರಿಸಿದರು. ತೆರೆದ ಗಾಳಿಯಲ್ಲಿ ಅರ್ಧ ಮಿಲಿಮೀಟರ್ ದಾಟಲು ಕೆಲವು ಸಾವಿರ ವೋಲ್ಟು ಸಾಕು. ಅದೇ ಅಂತರವನ್ನು ಸಿಲಿಂಡರಿನೊಳಗೆ ಒತ್ತಲ್ಪಟ್ಟ ಮಿಶ್ರಣದಲ್ಲಿ ದಾಟಬೇಕಾದರೆ ಅದರ ಹಲವು ಪಟ್ಟು ಬೇಕು. ಪ್ಲಗ್ಗನ್ನು ಹೊರಗೆ ತೆಗೆದು, ಎಂಜಿನ್ನಿನ ಮೈಗೆ ತಾಗಿಸಿ, ಹಗ್ಗ ಎಳೆದು ಕಿಡಿ ಕಂಡಿತೆಂದು ಸಮಾಧಾನಪಡುವವರು ಈ ಒಂದು ಸಂಗತಿಯನ್ನು ಮರೆಯುತ್ತಾರೆ. ಹೊರಗೆ ಹಾರಿದ ಕಿಡಿ ಒಳಗೂ ಹಾರುತ್ತದೆ ಎನ್ನುವುದಕ್ಕೆ ಅದು ಸಾಕ್ಷಿಯಲ್ಲ.

ಈಗ ನಿಮ್ಮ ಬ್ರಶ್ ಕಟರನ್ನೇ ತೆಗೆದುಕೊಳ್ಳಿ. ಅದರಲ್ಲಿ ಬ್ಯಾಟರಿಯಿಲ್ಲ, ಫ್ಲೈವೀಲಿನಲ್ಲಿರುವ ಅಯಸ್ಕಾಂತವು ಕಾಯಿಲಿನ ಪಕ್ಕದಲ್ಲಿ ಹಾದುಹೋಗುವಾಗ ಹುಟ್ಟುವ ವಿದ್ಯುತ್ತೇ ಕಿಡಿಯಾಗಬೇಕು. ಎಂಜಿನ್ ಓಡತೊಡಗಿದ ಮೇಲೆ ಫ್ಲೈವೀಲಿನ ವೇಗ ಹೆಚ್ಚು, ಆದ್ದರಿಂದ ವೋಲ್ಟೇಜಿಗೆ ಕೊರತೆಯಿಲ್ಲ. ಕೈಯಿಂದ ಹಗ್ಗ ಎಳೆಯುವಾಗ ವೇಗ ಬಹಳ ಕಡಿಮೆ. ಆ ಕ್ಷಣಕ್ಕೆ ಸಿಗುವ ವೋಲ್ಟೇಜು 0.5 ಮಿಲಿಮೀಟರನ್ನು ದಾಟೀತು, 0.8ನ್ನು ದಾಟದೇ ಹೋಗಬಹುದು. ಬೆಳಿಗ್ಗೆ ಎಷ್ಟು ಎಳೆದರೂ ಹಿಡಿಯದ ಯಂತ್ರ, ಒಮ್ಮೆ ಹಿಡಿದ ಮೇಲೆ ದಿನವಿಡೀ ಸರಿಯಾಗಿ ಓಡುತ್ತದೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ ಕಾರಣ. ಮಳೆಗಾಲದಲ್ಲಿ ಪ್ಲಗ್ ಕ್ಯಾಪ್ ಮತ್ತು ವಯರಿನ ಮೇಲೆ ತೇವ ಕುಳಿತಾಗ ಇದು ಇನ್ನಷ್ಟು ಕೆಡುತ್ತದೆ, ಏಕೆಂದರೆ ಗ್ಯಾಪ್ ದೊಡ್ಡದಾಗಿ ವೋಲ್ಟೇಜು ಏರಿದಷ್ಟೂ ವಿದ್ಯುತ್ತು ಪ್ಲಗ್ಗಿನ ಒಳಗೆ ಹಾರುವ ಬದಲು ಒದ್ದೆಯಾದ ಹೊರಮೈಯ ಮೇಲೆ ಜಾರಿ ಸೋರಿಹೋಗುವ ದಾರಿಯನ್ನೇ ಹಿಡಿಯುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಕಾಯಿಲಿನ ಒಳಗಿನ ನಿರೋಧಕ ಲೇಪನವೂ ಸೋಲುತ್ತದೆ, ಮತ್ತು ಕಾಯಿಲಿನ ಬೆಲೆಗೆ ಎಷ್ಟು ಪ್ಲಗ್ ಬರುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಹಾಗೆಂದು ಅಂತರವನ್ನು ತೀರಾ ಕಿರಿದು ಮಾಡುವುದೂ ಸರಿಯಲ್ಲ. ಕಿಡಿ ಸುಲಭವಾಗಿ ಹಾರುತ್ತದೆ ನಿಜ. ಆದರೆ ಅದು ಮುಟ್ಟುವ ಮಿಶ್ರಣದ ಪ್ರಮಾಣ ಕಡಿಮೆ, ಜೊತೆಗೆ ಆಗತಾನೇ ಹೊತ್ತಿಕೊಂಡ ಸಣ್ಣ ಜ್ವಾಲೆಯ ಶಾಖವನ್ನು ಎರಡೂ ಕಡೆಯ ಲೋಹ ಹೀರಿಕೊಂಡುಬಿಡುತ್ತದೆ. ಐಡಲಿಂಗಿನಲ್ಲಿ ಎಂಜಿನ್ ತಡವರಿಸುವುದು, ಅಲ್ಲಲ್ಲಿ ಮಿಸ್ ಆಗುವುದು, ಪೆಟ್ರೋಲ್ ಸ್ವಲ್ಪ ಹೆಚ್ಚು ಕುಡಿಯುವುದು ಇದರ ಲಕ್ಷಣಗಳು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಎಣ್ಣೆಯ ಕರಿ ಬಂದು ಕುಳಿತು ಕಿರಿದಾದ ಗ್ಯಾಪ್ ಪೂರ್ತಿ ಕಟ್ಟಿಹೋಗುವ ಅಪಾಯವೂ ಇದೆ.

ಅಳೆಯುವುದಕ್ಕೆ ಒಂದು ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ತೆಳು ಲೋಹದ ಬ್ಲೇಡುಗಳ ಗೊಂಚಲು, ಕೊಳ್ಳಿ. ಮೆಟ್ರಿಕ್ ಅಳತೆ ಕೊರೆದಿರುವುದನ್ನೇ ಕೇಳಿ ಪಡೆಯಿರಿ. ಇಂಚಿನದು ಮಾತ್ರ ಸಿಕ್ಕಿದರೆ 0.020 ಇಂಚು ಎಂದರೆ 0.51 ಮಿಲಿಮೀಟರ್, 0.028 ಇಂಚು ಎಂದರೆ 0.71, 0.030 ಇಂಚು ಎಂದರೆ 0.76 ಎಂದು ಬರೆದಿಟ್ಟುಕೊಳ್ಳಿ. ಬ್ಲೇಡಿನ ಮೇಲಿನ ಎಣ್ಣೆಯನ್ನು ಒರೆಸಿ, ಪ್ಲಗ್ಗನ್ನು ಬೆಳಕಿಗೆ ಹಿಡಿದು, ನಡುವಿನ ಎಲೆಕ್ಟ್ರೋಡಿನ ಮುಖಕ್ಕೆ ಸಮಾನಾಂತರವಾಗಿ ಬ್ಲೇಡನ್ನು ತೂರಿಸಬೇಕು. ಪಂಪಿನ ಪ್ಲಗ್ಗಿನಲ್ಲಿ 0.70ರ ಬ್ಲೇಡ್ ಸಲೀಸಾಗಿ ಹೋಗಬೇಕು; 0.80ರದ್ದು ಸ್ವಲ್ಪ ಹಿಡಿದುಕೊಂಡು ಹೋಗಬಹುದು ಅಥವಾ ಹೋಗದೇ ಇರಬಹುದು, 0.85ರದ್ದು ಹೋಗಲೇಬಾರದು. ಹೋಗುವುದು ಒಂದು, ಹೋಗದಿರುವುದು ಇನ್ನೊಂದು, ಹೀಗೆ ಎರಡು ಬ್ಲೇಡುಗಳ ನಡುವೆ ಅಳತೆಯನ್ನು ಹಿಡಿಯುವುದೇ ನಂಬಬಹುದಾದ ಕ್ರಮ. ಒಂದೇ ಬ್ಲೇಡಿನ ಬಿಗಿತವನ್ನು ಬೆರಳಿನಿಂದ ಊಹಿಸುವುದು ಎಲ್ಲರಿಗೂ ಸಾಧಿಸುವುದಿಲ್ಲ. ಬೇಕಾದ ದಪ್ಪ ಇಲ್ಲದಿದ್ದರೆ 0.30 ಮತ್ತು 0.40ರ ಬ್ಲೇಡುಗಳನ್ನು ಒಟ್ಟಿಗೆ ಹಿಡಿಯಬಹುದು.

ನಾಣ್ಯದಂತೆ ಗುಂಡಗಿದ್ದು ಅಂಚಿನ ಸುತ್ತ ದಪ್ಪ ಏರುತ್ತ ಹೋಗುವ ಒಂದು ಗೇಜ್ ಅಗ್ಗಕ್ಕೆ ಸಿಗುತ್ತದೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಅದನ್ನು ತಿರುಗಿಸುತ್ತ ಹೋದಂತೆ ಅದು ಬೆಣೆಯಾಗಿ ಕೆಲಸ ಮಾಡಿ, ಅಳೆಯಬೇಕಾದ ಅಂತರವನ್ನೇ ಹಿಗ್ಗಿಸುತ್ತದೆ. ಅದನ್ನು ಒತ್ತಿ ಬಗ್ಗಿಸಲು ಬಳಸಿದರಂತೂ ಭಾರವೆಲ್ಲ ನಡುವಿನ ಎಲೆಕ್ಟ್ರೋಡಿನ ಮೇಲೆ ಬೀಳುತ್ತದೆ.

ಹೊಂದಿಸುವ ನಿಯಮ ಒಂದೇ: ಹೊರಗಿನ ಎಲೆಕ್ಟ್ರೋಡನ್ನು ಮಾತ್ರ ಬಗ್ಗಿಸಬೇಕು, ನಡುವಿನದಕ್ಕೂ ಅದರ ಸುತ್ತಲಿನ ಬಿಳಿಯ ಪಿಂಗಾಣಿಗೂ ಯಾವ ಒತ್ತಡವೂ ಬೀಳಬಾರದು. ಹಿಗ್ಗಿಸಬೇಕಾದರೆ ಫೀಲರ್ ಗೇಜಿನ ಜೊತೆಗೆ ಬರುವ ಕೊಕ್ಕೆಯಂಥ ಸೀಳನ್ನು ಹೊರ ಎಲೆಕ್ಟ್ರೋಡಿಗೆ ಸಿಕ್ಕಿಸಿ ಮೆಲ್ಲನೆ ಎತ್ತಿ. ಸ್ಕ್ರೂಡ್ರೈವರನ್ನು ನಡುವೆ ತೂರಿಸಿ ಮೀಟಬೇಡಿ. ಕಿರಿದು ಮಾಡಬೇಕಾದರೆ ಪ್ಲಗ್ಗನ್ನು ನೇರವಾಗಿ ಹಿಡಿದು, ಹೊರ ಎಲೆಕ್ಟ್ರೋಡಿನ ಬೆನ್ನನ್ನು ಗಟ್ಟಿ ಮರದ ಹಲಗೆಯ ಮೇಲೆ ಹಗುರವಾಗಿ ತಟ್ಟಿ, ಪ್ರತಿ ತಟ್ಟಿಗೂ ಮತ್ತೆ ಅಳೆಯಿರಿ. ಪಿಂಗಾಣಿಯ ಮೂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಕಣ್ಣಿಗೆ ಕಾಣುವುದಿಲ್ಲ, ಎಂಜಿನ್ನಿನ ಮೇಲೆ ಹೊರೆ ಬಿದ್ದಾಗ ಮಾತ್ರ ಅದು ಮಿಸ್ ಆಗತೊಡಗುತ್ತದೆ. ನೆಲಕ್ಕೆ ಜೋರಾಗಿ ಬಿದ್ದ ಪ್ಲಗ್ಗನ್ನು ಗ್ಯಾಪ್ ಸರಿಮಾಡಿ ಬಳಸುವುದಕ್ಕಿಂತ ಎಸೆಯುವುದೇ ಒಳ್ಳೆಯದು.

ಹ್ಯಾಕ್ಸಾ ಬ್ಲೇಡಿನ ವಿಷಯಕ್ಕೆ ಬರೋಣ. ಕೈಗರಗಸದ ಸಾಮಾನ್ಯ ಬ್ಲೇಡಿನ ದಪ್ಪ ಸುಮಾರು 0.63 ಮಿಲಿಮೀಟರ್. ಆದ್ದರಿಂದ ಈ ರೂಢಿ ಆಧಾರವಿಲ್ಲದ್ದೇನಲ್ಲ: 0.6ರಿಂದ 0.7 ಬೇಕಾದ ಎಂಜಿನ್ನುಗಳಿಗೆ, ಉದಾಹರಣೆಗೆ ಹೋಂಡಾದ ಜಿಎಕ್ಸ್35 ಎಂಬ ಸಣ್ಣ ಫೋರ್ ಸ್ಟ್ರೋಕ್ ಎಂಜಿನ್ ಕೂರಿಸಿದ ಬ್ರಶ್ ಕಟರುಗಳಿಗೆ, ಅದು ಕೈಗೆ ಸಿಕ್ಕಿದ ಗೇಜೇ ಸರಿ. ಆದರೆ ಹಲ್ಲುಗಳು ಎಡಬಲಕ್ಕೆ ಹೊರಳಿರುವುದರಿಂದ ಹಲ್ಲಿನ ಅಂಚು ದಪ್ಪ. ಅಳೆಯುವುದಿದ್ದರೆ ಬೆನ್ನಿನ ಅಂಚಿನಿಂದ ಅಳೆಯಬೇಕು. ನಿಮ್ಮ ಎರಡು ಯಂತ್ರಗಳಿಗೂ ಅದು ಹೊಂದುವುದಿಲ್ಲ ಎಂಬುದನ್ನು ಮಾತ್ರ ಗಮನಿಸಿ. ಒಂದಕ್ಕೆ ಅದು ಹೆಚ್ಚು, ಇನ್ನೊಂದಕ್ಕೆ ಕಡಿಮೆ.

ವಿಸಿಟಿಂಗ್ ಕಾರ್ಡಿನ ಸಲಹೆ ಬೇರೆಲ್ಲಿಂದಲೋ ಬಂದು ಇಲ್ಲಿ ಸೇರಿಕೊಂಡಿದೆ. ಫ್ಲೈವೀಲಿಗೂ ಕಾಯಿಲಿಗೂ ನಡುವೆ ಒಂದು ಅಂತರವಿರಬೇಕು. ಜಿಎಕ್ಸ್160ರಲ್ಲಿ ಅದು 0.2ರಿಂದ 0.6 ಮಿಲಿಮೀಟರ್. ಕಾಯಿಲನ್ನು ಬಿಚ್ಚಿ ಮತ್ತೆ ಕೂರಿಸುವಾಗ ನಡುವೆ ಒಂದು ಕಾರ್ಡನ್ನು ಇಟ್ಟು ಬೋಲ್ಟ್ ಬಿಗಿಯುವುದು ಮೆಕ್ಯಾನಿಕ್ಕುಗಳ ಹಳೆಯ ಪದ್ಧತಿ. ಪ್ಲಗ್ಗಿಗೂ ಅದಕ್ಕೂ ಸಂಬಂಧವಿಲ್ಲ.

ಮುಳ್ಳೇರಿಯದ ಕೃಷಿಕ

ಮೇಲಿನ ಉತ್ತರ ವಿದ್ವತ್ಪೂರ್ಣವಾಗಿದೆ, ಒಪ್ಪುತ್ತೇನೆ. ಆದರೆ ಅದನ್ನು ಓದಿದವರು ಪ್ರತಿ ಪ್ಲಗ್ಗನ್ನೂ ಬಗ್ಗಿಸಲು ಹೊರಡುತ್ತಾರೆ ಎಂಬುದು ನನ್ನ ಆತಂಕ. ನಮ್ಮ ಸುತ್ತಿನ ತೋಟಗಳಲ್ಲಿ ಹೊಸ ಪ್ಲಗ್ಗನ್ನು ಹಾಗೆಯೇ ಹಾಕಿ ಕೆಟ್ಟದ್ದಕ್ಕಿಂತ, ಕಲ್ಲಿಗೆ ಕುಟ್ಟಿ ಕೆಡಿಸಿದ್ದನ್ನೇ ಹೆಚ್ಚು ಕಂಡಿದ್ದೇನೆ. ಮುರಕಲ್ಲಿನ ಕಟ್ಟೆಗೆ ಪ್ಲಗ್ಗನ್ನು ಕುಟ್ಟಿದರೆ ಗ್ಯಾಪ್ ಮುಚ್ಚುವುದಷ್ಟೇ ಅಲ್ಲ, ಕಲ್ಲಿನ ಪುಡಿಯೂ ಒಳಗೆ ಸೇರಿಕೊಂಡು ಸಿಲಿಂಡರಿಗೆ ಹೋಗುತ್ತದೆ.

ಯಂತ್ರ ಹಿಡಿಯದಿರುವುದಕ್ಕೆ ಹಳೆಯ ಪೆಟ್ರೋಲ್, ಕಟ್ಟಿದ ಏರ್ ಫಿಲ್ಟರ್, ಕಾರ್ಬೊರೇಟರಿನ ಕಸ ಎಂದು ಬೇರೆ ಕಾರಣಗಳೂ ಇವೆ. ಎಲ್ಲದಕ್ಕೂ ಗ್ಯಾಪಿನ ಮೇಲೆ ತಪ್ಪು ಹೊರಿಸುವುದು ಬೇಡ. ಪ್ಲಗ್ಗಿನ ತುದಿಯಲ್ಲಿ ತಿರುಪಿನಿಂದ ಕೂರುವ ಸಣ್ಣ ಟರ್ಮಿನಲ್ ನಟ್ ಇರುತ್ತದಲ್ಲ, ಅದರ ಬಗ್ಗೆ ಯಾರೂ ಹೇಳಿಲ್ಲ. ಕೆಲವು ಪ್ಲಗ್ ಕ್ಯಾಪುಗಳಿಗೆ ಆ ನಟ್ ಬೇಕು, ಕೆಲವಕ್ಕೆ ಅದನ್ನು ತೆಗೆದು ಬರಿಯ ತಿರುಪಿನ ಮೇಲೆಯೇ ಕ್ಯಾಪನ್ನು ಒತ್ತಬೇಕು. ಬೇಕಾದಲ್ಲಿ ಅದು ಸಡಿಲವಾಗಿದ್ದರೆ ಎಂಜಿನ್ ಮಿಸ್ ಆಗುವ ರೀತಿ ಗ್ಯಾಪ್ ಕೆಟ್ಟಾಗ ಆಗುವಂತೆಯೇ ಇರುತ್ತದೆ. ಇಕ್ಕಳದಲ್ಲಿ ಒಮ್ಮೆ ಹಿಡಿದು ಬಿಗಿದುಬಿಡಿ, ಗೇಜ್ ಹುಡುಕುವುದು ಆಮೇಲಾಗಲಿ.

ಮಂಜೇಶ್ವರದ ಔಟ್‌ಬೋರ್ಡ್ ಮೆಕ್ಯಾನಿಕ್

ನಮ್ಮ ಕೈಗೆ ಬರುವುದು ಹೆಚ್ಚಾಗಿ ಮೀನುಗಾರಿಕೆಯ ದೋಣಿಗಳ ಎಂಜಿನ್ನುಗಳು. ಪೆಟ್ರೋಲಿನಲ್ಲಿ ಹಿಡಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವ ಟೂ ಸ್ಟ್ರೋಕ್ ಎಂಜಿನ್ನುಗಳಲ್ಲಿ ಪ್ಲಗ್ಗಿನ ಮೇಲೆ ಕರಿ ಕಟ್ಟುವುದು ಬೇಗ. ಆದ್ದರಿಂದ ಹೊಸ ಪ್ಲಗ್ಗಿಗಿಂತ ಬಳಸಿದ ಪ್ಲಗ್ಗನ್ನು ಅಳೆಯುವ ಸಂದರ್ಭವೇ ನಮಗೆ ಹೆಚ್ಚು. ಆ ಕುರಿತು ಎರಡು ಮಾತು ಹೇಳಬೇಕೆನಿಸಿತು, ಏಕೆಂದರೆ ಪ್ರಶ್ನೆ ಕೇಳಿದವರು ಹೊಸದನ್ನು ಹಾಕಿದ ಮೇಲೆ ಹಳೆಯದನ್ನು ತೊಳೆದು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವುದು ಖಂಡಿತ.

ಬಳಸಿದ ಪ್ಲಗ್ಗಿಗೆ ಚಪ್ಪಟೆ ಬ್ಲೇಡಿನ ಫೀಲರ್ ಗೇಜ್ ಸುಳ್ಳು ಹೇಳುತ್ತದೆ. ಕಿಡಿ ಹಾರಿ ಹಾರಿ ಹೊರ ಎಲೆಕ್ಟ್ರೋಡಿನ ಒಳಮುಖದಲ್ಲಿ, ನಡುವಿನ ಎಲೆಕ್ಟ್ರೋಡಿನ ಎದುರಿಗೆ ಸರಿಯಾಗಿ, ಒಂದು ಸಣ್ಣ ಗುಳಿ ಬಿದ್ದಿರುತ್ತದೆ. ಚಪ್ಪಟೆ ಬ್ಲೇಡ್ ಆ ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕುಳಿತು, ಗುಳಿಯ ಆಳವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಅಂತರ ಸರಿಯಿದೆ ಎಂದು ತೋರಿಸುತ್ತದೆ. ನಿಜವಾದ ಅಂತರ ಅದಕ್ಕಿಂತ ಹೆಚ್ಚು. ಗುಂಡನೆಯ ತಂತಿಯ ಗೇಜ್ ಗುಳಿಯೊಳಗೆ ಇಳಿಯುವುದರಿಂದ ಅದು ತೋರಿಸುವ ಅಳತೆ ನಂಬಿಕೆಗೆ ಅರ್ಹ. ಹೊಸ ಪ್ಲಗ್ಗಿನಲ್ಲಿ ಎರಡೂ ಮುಖಗಳು ಸಪಾಟಾಗಿರುವುದರಿಂದ ಬ್ಲೇಡ್, ತಂತಿ ಇವೆರಡರಲ್ಲಿ ಯಾವ ಗೇಜಾದರೂ ನಡೆಯುತ್ತದೆ.

ಸಾಮಾನ್ಯ ನಿಕ್ಕಲ್ ಪ್ಲಗ್ಗಿನಲ್ಲಿ ಹೊರ ಎಲೆಕ್ಟ್ರೋಡಿನ ಒಳಮುಖವನ್ನು ಸಣ್ಣ ಸಪಾಟು ಅರದಿಂದ ಎರಡು ಸಲ ಎಳೆದು ಗುಳಿಯನ್ನು ತೆಗೆದು, ಆಮೇಲೆ ಗ್ಯಾಪ್ ಹೊಂದಿಸಿದರೆ ಅದು ಇನ್ನೂ ಸ್ವಲ್ಪ ಕಾಲ ಕೆಲಸ ಕೊಡುತ್ತದೆ. ಚೂಪಾದ ಅಂಚಿನಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ. ಸವೆದು ಗುಂಡಾದ ಅಂಚಿನಿಂದ ಹಾರಲು ಹೆಚ್ಚು ಬೇಕು. ಕರಿಯನ್ನು ತೆಗೆಯಲು ತಂತಿಯ ಬ್ರಶ್ಶಿನಿಂದ ಪಿಂಗಾಣಿಯನ್ನು ಉಜ್ಜಬೇಡಿ. ಬ್ರಶ್ಶಿನ ಲೋಹ ಪಿಂಗಾಣಿಯ ಮೇಲೆ ಗೆರೆಯಾಗಿ ಉಳಿದು, ವಿದ್ಯುತ್ತು ಗ್ಯಾಪನ್ನು ಬಿಟ್ಟು ಆ ಗೆರೆಯ ಮೇಲೆಯೇ ಹರಿದುಹೋಗುತ್ತದೆ. ನಮ್ಮಲ್ಲಿ ಪೆಟ್ರೋಲಿನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು, ಪೂರ್ತಿ ಒಣಗಿಸುತ್ತೇವೆ. ಅಂಚುಗಳೆಲ್ಲ ಗುಂಡಾಗಿ, ನಡುವಿನ ಎಲೆಕ್ಟ್ರೋಡ್ ಗಿಡ್ಡವಾಗಿ ಕಂಡರೆ ಇಷ್ಟೆಲ್ಲ ಶ್ರಮ ಬೇಡ, ಎಸೆದುಬಿಡಿ.

ಮುಳ್ಳೇರಿಯದವರ ಆತಂಕ ನನಗೂ ಇದೆ. ಹೊರ ಎಲೆಕ್ಟ್ರೋಡನ್ನು ಮತ್ತೆ ಮತ್ತೆ ಹಿಂದೆ ಮುಂದೆ ಬಗ್ಗಿಸಿದರೆ ಬೆಸುಗೆಯ ಬುಡದಲ್ಲಿ ಅದು ದಣಿಯುತ್ತದೆ. ಮುರಿದು ಸಿಲಿಂಡರಿನೊಳಗೆ ಬಿದ್ದರೆ ಪಿಸ್ಟನ್ನಿನ ತಲೆಗೂ ಸಿಲಿಂಡರಿನ ಗೋಡೆಗೂ ಆಗುವ ಗಾಯ ಸಣ್ಣದಲ್ಲ.

ಬದಿಯಡ್ಕದ ತೋಟಗಾರ

ಮೂವರಿಗೂ ಕೃತಜ್ಞತೆಗಳು. ಮಿಲಿಮೀಟರಿನ ಫೀಲರ್ ಗೇಜ್ ಕಾಸರಗೋಡು ಪೇಟೆಯಲ್ಲಿ ಸಿಕ್ಕಿತು. ಪಂಪಿನ ಎಂಜಿನ್ನಿಗೆ ತಂದ ಎನ್‌ಜಿಕೆ ಬಿಪಿಆರ್6ಇಎಸ್ ಪ್ಲಗ್ಗಿನಲ್ಲಿ 0.70ರ ಬ್ಲೇಡ್ ಹೋಯಿತು, 0.80 ಹೋಗಲಿಲ್ಲ, ಆದ್ದರಿಂದ ಅದನ್ನು ಮುಟ್ಟದೆ ಹಾಗೆಯೇ ಇಟ್ಟಿದ್ದೇನೆ.

ಬ್ರಶ್ ಕಟರಿನ ಹೊಸ ಪ್ಲಗ್ಗಿನಲ್ಲಿ ಮಾತ್ರ 0.65 ಕೂಡ ಸಲೀಸಾಗಿ ಹೋಯಿತು. ಹಲಗೆಯ ಮೇಲೆ ಮೆಲ್ಲನೆ ತಟ್ಟುತ್ತ, ನಡುನಡುವೆ ಅಳೆಯುತ್ತ, ಈಗ 0.50 ಹೋಗುವಂತೆಯೂ 0.55 ಹೋಗದಂತೆಯೂ ಆಗಿದೆ. ಆದರೆ ಬೆಳಕಿಗೆ ಹಿಡಿದು ನೋಡಿದರೆ ಹೊರ ಎಲೆಕ್ಟ್ರೋಡಿನ ತುದಿಯ ಕಡೆ ಅಂತರ ಕಿರಿದಾಗಿ, ಬಾಗಿರುವ ಬುಡದ ಕಡೆ ತುಸು ಅಗಲವಾಗಿ, ಎರಡು ಮುಖಗಳು ಸಮಾನಾಂತರವಾಗಿಲ್ಲದಂತೆ ಕಾಣುತ್ತದೆ. ಇದನ್ನು ಮತ್ತೆ ತಿದ್ದಬೇಕೇ? ಮೋಟಾರ್ ಸೈಕಲ್ಲಿನ ಇರಿಡಿಯಂ ಪ್ಲಗ್ಗಿನ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಅದರ ನಡುವಿನ ತುದಿ ಸೂಜಿಯಷ್ಟು ಸಣ್ಣದಾಗಿರುವುದರಿಂದ ಬ್ಲೇಡ್ ತೂರಿಸಲು ಕೈ ಹೋಗಲಿಲ್ಲ. ಎಷ್ಟು ಬಿಗಿಯಬೇಕು ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ. ನನ್ನಲ್ಲಿರುವುದು ಪ್ಲಗ್ ಸ್ಪ್ಯಾನರ್ ಮಾತ್ರ, ಬಿಗಿಯುವ ಬಲವನ್ನು (ಟಾರ್ಕ್) ಅಳೆದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲ.

ಕುಂಬಳೆಯ ನಿವೃತ್ತ ಬೋಧಕ

ತುದಿಯಲ್ಲಿ ತಟ್ಟಿದಾಗ ಹೊರ ಎಲೆಕ್ಟ್ರೋಡ್ ಹೀಗೆ ಮೂತಿ ತಗ್ಗಿಸುವುದು ಸಹಜ. ಕಿಡಿ ಅತ್ಯಂತ ಹತ್ತಿರದ ಬಿಂದುವಿನಿಂದಲೇ ಹಾರುವುದರಿಂದ, ಮತ್ತು ನಿಮ್ಮ ಬ್ಲೇಡ್ ಅಳೆದಿರುವುದೂ ಆ ಬಿಂದುವನ್ನೇ ಆದ್ದರಿಂದ, ಎಂಜಿನ್ ಓಡುವುದಕ್ಕೆ ತೊಂದರೆಯಿಲ್ಲ. ಆ ಒಂದು ಅಂಚು ಮಾತ್ರ ಬೇಗ ಸವೆಯುತ್ತದೆ. ಓರೆ ಬಹಳ ಇದ್ದರೆ ಕೊಕ್ಕೆಯನ್ನು ತುದಿಗೆ ಸಿಕ್ಕಿಸಿ ತುಸು ಎತ್ತಿ, ನಂತರ ತುದಿಯನ್ನು ಬಿಟ್ಟು ಬಾಗಿನ ಹತ್ತಿರದ ಬೆನ್ನನ್ನು ತಟ್ಟಿ. ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವಷ್ಟಿದ್ದರೆ ಹಾಗೆಯೇ ಬಿಡಿ. ಮಂಜೇಶ್ವರದವರು ಹೇಳಿದಂತೆ ಪ್ರತಿ ಬಾಗಿಗೂ ಲೋಹ ದಣಿಯುತ್ತದೆ, ನೀವು ಈಗಾಗಲೇ ಸಾಕಷ್ಟು ತಟ್ಟಿದ್ದೀರಿ.

ಇರಿಡಿಯಂ ಪ್ಲಗ್ಗಿನ ನಡುವಿನ ತುದಿಯ ವ್ಯಾಸ ಎನ್‌ಜಿಕೆಯಲ್ಲಿ 0.6 ಮಿಲಿಮೀಟರ್, ಡೆನ್ಸೋದ ಕೆಲವದರಲ್ಲಿ 0.4 ಮಿಲಿಮೀಟರ್. ಇರಿಡಿಯಂ ಬಹಳ ಗಟ್ಟಿ, ಆದರೆ ಬಾಗುವ ಗುಣವಿಲ್ಲ. ಪಕ್ಕದಿಂದ ಬಲ ಬಿದ್ದರೆ ಅದು ಮುರಿಯುತ್ತದೆ, ಇಲ್ಲವೇ ಬೆಸುಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಚಪ್ಪಟೆ ಬ್ಲೇಡನ್ನು ಅದರ ಮೇಲೆ ಎಳೆದಾಡಬಾರದು, ತಟ್ಟಲಂತೂ ಬಾರದು. ತಂತಿಯ ಗೇಜನ್ನು ತಾಗಿಯೂ ತಾಗದಂತೆ ತೂರಿಸಿ ನೋಡಿ. ಅಳತೆ ನಿಮ್ಮ ಮೋಟಾರ್ ಸೈಕಲ್ಲಿನ ಕೈಪಿಡಿಯ ಮಿತಿಯೊಳಗಿದ್ದರೆ ಹಾಕಿ, ಇಲ್ಲದಿದ್ದರೆ ಅದನ್ನು ಬಗ್ಗಿಸಲು ಹೋಗದೆ ಸರಿಯಾದ ಸಂಕೇತದ ಪ್ಲಗ್ಗಿಗೆ ಬದಲಾಯಿಸಿಕೊಳ್ಳಿ. ಬೇರೆ ಕಂಪೆನಿಯ ಸಮಾನ ಪ್ಲಗ್ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದರೆ ಉಷ್ಣ ಸಂಖ್ಯೆಯ, ಅಂದರೆ ಪ್ಲಗ್ಗಿನ ತುದಿ ಶಾಖವನ್ನು ಎಷ್ಟು ಬೇಗ ಹೊರಗೆ ಬಿಡುತ್ತದೆ ಎಂದು ಸೂಚಿಸುವ ಸಂಖ್ಯೆಯ, ವಿಷಯದಲ್ಲಿ ಎಚ್ಚರವಿರಲಿ: ಎನ್‌ಜಿಕೆಯಲ್ಲಿ ಸಂಖ್ಯೆ ಏರಿದಷ್ಟೂ ಪ್ಲಗ್ ತಂಪು, ಬಾಶ್‌ನಲ್ಲಿ ಸಂಖ್ಯೆ ಏರಿದಷ್ಟೂ ಬಿಸಿ. ಎರಡೂ 7 ಎಂದ ಮಾತ್ರಕ್ಕೆ ಒಂದೇ ಅಲ್ಲ. ಕೈಪಿಡಿ ಸಾಮಾನ್ಯ ಪ್ಲಗ್ಗನ್ನೇ ಸೂಚಿಸಿದ್ದರೆ ಇರಿಡಿಯಂನಿಂದ ಬಾಳಿಕೆ ಹೆಚ್ಚಬಹುದು. ಶಕ್ತಿ ಹೆಚ್ಚುತ್ತದೆಂಬ ಅಂಗಡಿಯ ಮಾತನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ತೋಟದ ಯಂತ್ರಗಳಿಗಂತೂ ಅದು ಅನಗತ್ಯ ವೆಚ್ಚ.

ಬಿಗಿಯುವ ಮೊದಲು ಪ್ಲಗ್ ಕೂರುವ ಜಾಗದ ಸುತ್ತಲಿನ ಧೂಳು ಮತ್ತು ಹುಲ್ಲಿನ ಪುಡಿಯನ್ನು ಊದಿ ತೆಗೆಯಿರಿ. ಬ್ರಶ್ ಕಟರಿನಲ್ಲಿ ಅದು ಬಹಳ ಸೇರಿಕೊಂಡಿರುತ್ತದೆ. ಎಂಜಿನ್ ತಣ್ಣಗಿರಲಿ. ಮೊದಲ ಸುತ್ತುಗಳನ್ನು ಸ್ಪ್ಯಾನರಿಲ್ಲದೆ ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ತಡೆದರೆ ಪ್ಲಗ್ ಓರೆಯಾಗಿ ಹಿಡಿದಿದೆ ಎಂದೇ ಅರ್ಥ, ತಕ್ಷಣ ಹಿಂದಕ್ಕೆ ತಿರುಗಿಸಿ ತೆಗೆಯಿರಿ. ಅಲ್ಯೂಮಿನಿಯಂ ಹೆಡ್ಡಿನ ತಿರುಪು ಒಮ್ಮೆ ಕಿತ್ತುಹೋದರೆ ಗ್ಯಾಪಿನ ಚಿಂತೆಯೇ ಉಳಿಯುವುದಿಲ್ಲ. ವಾಷರ್ ಹೆಡ್ಡಿಗೆ ತಾಗಿದ ಮೇಲೆ, ಜಿಎಕ್ಸ್160ಕ್ಕೆ ಹೋಂಡಾ ಹೇಳುವ ಪ್ರಕಾರ, ಹೊಸ ಪ್ಲಗ್ಗನ್ನು ಸ್ಪ್ಯಾನರಿನಿಂದ ಅರ್ಧ ಸುತ್ತು ಬಿಗಿಯಬೇಕು. ಹಳೆಯದನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಎಂಟನೇ ಒಂದರಿಂದ ನಾಲ್ಕನೇ ಒಂದು ಭಾಗ ಸಾಕು, ಏಕೆಂದರೆ ವಾಷರ್ ಈಗಾಗಲೇ ಒತ್ತಿ ಚಪ್ಪಟೆಯಾಗಿರುತ್ತದೆ. ಬ್ರಶ್ ಕಟರಿನದೂ 14 ಮಿಲಿಮೀಟರ್ ತಿರುಪಿನ ವಾಷರ್ ಇರುವ ಪ್ಲಗ್ಗಾಗಿದ್ದರೆ ಇದೇ ಲೆಕ್ಕ ನಡೆಯುತ್ತದೆ. ಮೋಟಾರ್ ಸೈಕಲ್ಲಿನ 10 ಮಿಲಿಮೀಟರ್ ತಿರುಪಿನ ಪ್ಲಗ್ಗಿಗೆ ಬೇಕಾದ ಟಾರ್ಕ್ ಕೇವಲ 10ರಿಂದ 12 ನ್ಯೂಟನ್ ಮೀಟರ್, 14 ಮಿಲಿಮೀಟರಿನದಕ್ಕೆ ಬೇಕಾದ್ದರ ಅರ್ಧಕ್ಕಿಂತಲೂ ಕಡಿಮೆ. ಪಂಪಿಗೆ ಹಾಕಿದ ಕೈಯ ಬಲವನ್ನು ಅಲ್ಲಿ ಹಾಕಬೇಡಿ. ತಿರುಪಿಗೆ ಗ್ರೀಸ್ ಹಚ್ಚುವ ರೂಢಿಯೂ ಬೇಡ. ಜಾರುವುದರಿಂದ ತಿಳಿಯದೆ ಅತಿಯಾಗಿ ಬಿಗಿದುಬಿಡುತ್ತೀರಿ. ಹೊಸ ಪ್ಲಗ್ಗಿನ ತಿರುಪಿಗೆ ತುಕ್ಕು ಹಿಡಿಯದ ಲೇಪನ ಮೊದಲೇ ಇರುತ್ತದೆ.

ಮಂಜೇಶ್ವರದ ಔಟ್‌ಬೋರ್ಡ್ ಮೆಕ್ಯಾನಿಕ್

ಗ್ರೀಸಿನ ವಿಷಯದಲ್ಲಿ ಒಂದು ತಿದ್ದುಪಡಿ: ಉಪ್ಪು ನೀರಿನಲ್ಲಿ ಕೆಲಸ ಮಾಡುವ ಎಂಜಿನ್ನುಗಳಲ್ಲಿ ಪ್ಲಗ್ ಹೆಡ್ಡಿಗೆ ಕಚ್ಚಿಕೊಳ್ಳುವುದರಿಂದ ನಾವು ಪ್ಲಗ್ಗನ್ನು ಆಗಾಗ ಬಿಚ್ಚಿ ಕೂರಿಸುತ್ತಿರುತ್ತೇವೆ, ಕೆಲವರು ತೆಳುವಾಗಿ ಲೇಪವನ್ನೂ ಹಚ್ಚುತ್ತಾರೆ. ಅದು ಕಡಲ ಕರೆಯ ಮಾತು. ತೋಟದ ಯಂತ್ರಕ್ಕೆ ಬೇಕಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಬ್ರಶ್ ಕಟರನ್ನು ಮಳೆಗಾಲದ ಬಳಿಕ ಮತ್ತೆ ಹೊರಗೆ ತೆಗೆಯುವಾಗ ಪ್ಲಗ್ಗನ್ನು ಬಿಚ್ಚಿ, ತಂತಿಯ ಗೇಜಿನಿಂದ ಇನ್ನೊಮ್ಮೆ ನೋಡಿ. ಅಂತರ 0.6 ದಾಟಿದ್ದರೆ ಒಂದು ಸಲ ತಟ್ಟಿ ಸರಿಮಾಡಬಹುದು, ಅಂಚು ಸವೆದಿದ್ದರೆ ಹೊಸದನ್ನೇ ಹಾಕಿ.